ನಡುಗುವುದಕ್ಕೂ ಮುಂಗಡ ಬುಕಿಂಗ್

ಬೆಂಗಳೂರಿನಲ್ಲಿ ಡಿಸೆಂಬರ್ ಬೆಳಗಿನ ಉಷ್ಣಾಂಶ 15 ಡಿಗ್ರಿಗೆ ಇಳಿಯಿತೆಂದರೆ ವಾಕಿಂಗ್ ರದ್ದು, ಗೀಜರ್ ನಸುಕಿನಿಂದಲೇ ಆನ್, ಕಿವಿ ಮುಚ್ಚುವ ಹಾಗೆ ಮಂಕಿ ಕ್ಯಾಪ್. ಲಿಫ್ಟಿನಲ್ಲಿ ಸಿಕ್ಕವರೊಡನೆ ಆಡುವ ಮೊದಲ ಮಾತೇ ‘ಏನ್ ಚಳೀ ರೀ ಈ ಸಲ!’ ಅದೇ ಲಿಫ್ಟಿನಲ್ಲಿ ಹತ್ತಿ ಇಳಿಯುವ ಒಂದು ವರ್ಗ ಈಗ ಆರ್ಕ್ಟಿಕ್ ವೃತ್ತದೊಳಗಿನ ಸಮುದ್ರದಲ್ಲಿ ಸರ್ಫಿಂಗ್ ಮಾಡಲು ಹೊರಟಿದೆ. ಹೊರಟಿದೆ ಎನ್ನುವುದು ಅವಸರದ ಮಾತಾಯಿತು. ಪ್ಲಾನ್ ಮಾಡುತ್ತಿದೆ. ಈ ಕ್ರೀಡೆಯ ಬಹುಭಾಗ ನಡೆಯುವುದು ನೀರಿನಲ್ಲಲ್ಲ, ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಅಲ್ಲಿ ಅಲೆಗಿಂತ ಮೊದಲು ಎಕ್ಸೆಲ್ ಶೀಟ್ ಏಳುತ್ತದೆ, ಶೀಟಿನ ಮೇಲೆ ಬಣ್ಣ ಏಳುತ್ತದೆ, ಆಮೇಲೆ ಯಾರೋ ಒಬ್ಬರು ‘ನಾನು ಈ ಸಲ ಡೌಟು’ ಎಂದು ಹಾಕಿ ಎಲ್ಲವನ್ನೂ ಮುಳುಗಿಸುತ್ತಾರೆ.

ಇವರ ಗುರಿ ನಾರ್ವೆಯ ಲೋಫೋಟೆನ್ ದ್ವೀಪಗಳಲ್ಲಿರುವ ಉನ್‌ಸ್ಟಾಡ್ ಎಂಬ ಹಳ್ಳಿ. ಉತ್ತರ ಅಕ್ಷಾಂಶ 68 ಡಿಗ್ರಿ. ಸುತ್ತ ಕಡಿದಾದ ಬೆಟ್ಟ, ಬೆಟ್ಟದ ಹೊಟ್ಟೆಯಲ್ಲಿ ಕೊರೆದ ಸುರಂಗದಿಂದ ಒಳಬರುವ ಒಂದೇ ರಸ್ತೆ, ಬೆರಳೆಣಿಕೆಯ ಮನೆಗಳು, ಜನರಿಗಿಂತ ಹೆಚ್ಚು ಕುರಿಗಳು. ಎದುರಿಗೆ ವಾಯವ್ಯಕ್ಕೆ ಬಾಯಿ ತೆರೆದ ಕೊಲ್ಲಿ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್‌ಗಳ ಆಸುಪಾಸಿನಲ್ಲಿ ಚಳಿಗಾಲದ ಬಿರುಗಾಳಿ ಎದ್ದಾಗ ಅದು ಎಬ್ಬಿಸಿದ ಅಲೆಗಳು ನೂರಾರು ಮೈಲಿ ನಡೆದುಬಂದು ಈ ಕೊಲ್ಲಿಯ ಉರುಟು ಬಂಡೆಗಳ ಮೇಲೆ ಒಡೆಯುತ್ತವೆ. ಅಟ್ಲಾಂಟಿಕ್‌ನ ಬಿಸಿ ಪ್ರವಾಹದ ದಯೆಯಿಂದ ಇಷ್ಟು ಉತ್ತರದಲ್ಲೂ ಸಮುದ್ರ ಹೆಪ್ಪುಗಟ್ಟುವುದಿಲ್ಲ.

‘ಹೆಪ್ಪುಗಟ್ಟುವುದಿಲ್ಲ’ ಎಂದಿದ್ದನ್ನು ನಮ್ಮ ಗುಂಪು ‘ಅಷ್ಟೇನೂ ತಣ್ಣಗಿರಲ್ಲ’ ಎಂದು ಓದಿಕೊಂಡಿತು. ಚಳಿಗಾಲದ ಕೊನೆಗೆ ಅಲ್ಲಿನ ನೀರು 4-5 ಡಿಗ್ರಿ. ಗುಂಪಿನ ಅಡ್ಮಿನ್ ಇದನ್ನು ಹೆಮ್ಮೆಯಿಂದಲೇ ಊರಿಗೆ ಫೋನ್ ಮಾಡಿ ಹೇಳಿದ. ಅತ್ತಲಿಂದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಫ್ರಿಜ್ಜಿನ ನೀರು ಕುಡಿದ್ರೆ ಗಂಟ್ಲು ಕಟ್ಟತ್ತೆ ಅಂತೀಯಲ್ಲೋ, ಅದ್ರೊಳಗೆ ಇಳಿಯಕ್ಕೆ ಎಷ್ಟು ಲಕ್ಷ ಅಂದೆ?’ ಅಡ್ಮಿನ್ ಉತ್ತರಿಸಲಿಲ್ಲ. ನೆಟ್‌ವರ್ಕ್ ಇರಲಿಲ್ಲವಂತೆ.

ಈ ಹಳ್ಳಿಯಲ್ಲಿ ಸರ್ಫಿಂಗ್ ಶುರುವಾದದ್ದು 1963ರಲ್ಲಿ. ಥೋರ್ ಫ್ರಾಂಟ್ಸೆನ್ ಮತ್ತು ಹಾನ್ಸ್ ಎಗಿಲ್ ಕ್ರಾನೆ ಎಂಬ ಇಬ್ಬರು ಹುಡುಗರು ಹಡಗಿನ ಕೆಲಸಕ್ಕೆ ಹೋಗಿದ್ದಾಗ ಆಸ್ಟ್ರೇಲಿಯಾದಲ್ಲಿ ಜನ ಹಲಗೆಯ ಮೇಲೆ ನಿಂತು ಅಲೆಯೇರುವುದನ್ನು ಕಂಡರು. ಊರಿಗೆ ಬಂದರೆ ಅಲೆ ಬೇಕಾದಷ್ಟಿದೆ, ಹಲಗೆಯಿಲ್ಲ. ಬೀಚ್ ಬಾಯ್ಸ್ ತಂಡದ ರೆಕಾರ್ಡಿನ ಹೊದಿಕೆಯ ಮೇಲೆ ಸರ್ಫ್‌ಬೋರ್ಡಿನ ಚಿತ್ರವಿತ್ತು. ಅದನ್ನೇ ನೋಡಿಕೊಂಡು ಹಲಗೆ ಮಾಡಿದರು, ನೀರಿಗಿಳಿದರು. ಅವರ ಇಡೀ ಪ್ಲಾನಿಂಗ್ ಒಂದು ರೆಕಾರ್ಡ್ ಕವರಿನಲ್ಲಿ ಮುಗಿದಿತ್ತು. ನಮ್ಮವರ ಶೀಟಿನಲ್ಲಿ ‘ಸಾಕ್ಸ್’ಗೇ ಒಂದು ಪ್ರತ್ಯೇಕ ಟ್ಯಾಬ್ ಇದೆ.

ಆ ಹುಡುಗರನ್ನು ನೋಡಿ ಹಳ್ಳಿಯ ಹಿರಿಯರಿಗೆ ಏನನ್ನಿಸಿರಬೇಕೆಂದು ಊಹಿಸುವುದು ಕಷ್ಟವಲ್ಲ. ಲೋಫೋಟೆನ್‌ನವರಿಗೆ ಸಮುದ್ರ ಎಂದರೆ ಕಾಡ್ ಮೀನು. ಜನವರಿಯಿಂದ ಏಪ್ರಿಲ್‌ವರೆಗೆ ಬಾರೆಂಟ್ಸ್ ಸಮುದ್ರದಿಂದ ಮೊಟ್ಟೆಯಿಡಲು ಬರುವ ಆ ಮೀನಿನ ಹಿಂದೆ ತಲೆಮಾರುಗಳ ಕಾಲ ಗಂಡಸರು ತೆರೆದ ದೋಣಿಗಳಲ್ಲಿ ಹೋದರು. ಎಷ್ಟೋ ಮಂದಿ ತಿರುಗಿ ಬರಲಿಲ್ಲ. ಬಂದವರು ದಡದಲ್ಲಿ ಕಂಬಗಳ ಮೇಲೆ ಕಟ್ಟಿದ ಮರದ ಗುಡಿಸಲುಗಳಲ್ಲಿ ಒದ್ದೆ ಬಟ್ಟೆ ಒಣಗಿಸಿಕೊಂಡು ಮಲಗಿದರು. ಆ ಗುಡಿಸಲಿಗೆ ರೂರ್ಬು ಎನ್ನುತ್ತಾರೆ. ಈಗ ಅದಕ್ಕೆ ವೈಫೈ ಇದೆ, ನೆಲದಡಿ ಹೀಟರ್ ಇದೆ, ಕಿಟಕಿಯ ಪಕ್ಕ ಮಡಚಿಟ್ಟ ಉಣ್ಣೆಯ ಕಂಬಳಿ ಇದೆ, ಬಾಡಿಗೆಯ ಅಂಕಿ ನೋಡಿದರೆ ಕಂಬಳಿಯಿಲ್ಲದೆಯೇ ಬೆವರು ಬರುತ್ತದೆ. ಹೊಟ್ಟೆಪಾಡಿಗಾಗಿ ಒಬ್ಬ ನಡುಗಿದ ಜಾಗದಲ್ಲಿ ಇನ್ನೊಬ್ಬ ದುಡ್ಡು ಕೊಟ್ಟು ನಡುಗುವುದಕ್ಕೆ ಈಗಿನ ಹೆಸರು ‘ಅನುಭವ ಪ್ರವಾಸೋದ್ಯಮ’.

ಇನ್ನು ಒಣಮೀನಿನ ವಿಷಯ. ಲೋಫೋಟೆನ್‌ನಲ್ಲಿ ಕಾಡ್ ಮೀನಿಗೆ ಉಪ್ಪು ಹಾಕದೆ, ಜೋಡಿ ಜೋಡಿಯಾಗಿ ಬಾಲ ಕಟ್ಟಿ, ಮರದ ಚೌಕಟ್ಟುಗಳ ಮೇಲೆ ನೇತುಹಾಕಿ ಗಾಳಿಗೇ ಒಣಗಿಸುತ್ತಾರೆ. ಫೆಬ್ರವರಿಯಿಂದ ಮೇವರೆಗೆ ಸಾಲು ಸಾಲು ಚೌಕಟ್ಟುಗಳು, ರಸ್ತೆಯ ಬದಿಯಲ್ಲಿ, ಮನೆಯ ಹಿತ್ತಿಲಲ್ಲಿ, ‘ಸೀ ವ್ಯೂ’ ಕೋಣೆಯ ಕಿಟಕಿಯ ಎದುರಿಗೆ. ಒಣಗಿದ ಮೇಲೆ ಇದು ಇಟಲಿಗೆ ಹೋಗುತ್ತದೆ, ತಲೆಗಳು ನೈಜೀರಿಯಾಕ್ಕೆ. ಮಾರ್ಚ್‌ನಲ್ಲಿ ಗಾಳಿ ಬೀಸಿದ ದಿಕ್ಕಿನಲ್ಲೆಲ್ಲ ಅದೇ ಪರಿಮಳ. ನಮ್ಮ ಗುಂಪಿನ ಸದಸ್ಯರೊಬ್ಬರು ಇದರ ಚಿತ್ರವನ್ನು ಈಗಾಗಲೇ ‘ಹೆರಿಟೇಜ್! ಎಷ್ಟು ಅಥೆಂಟಿಕ್!’ ಎಂಬ ಒಕ್ಕಣೆಯೊಂದಿಗೆ ಹಂಚಿಕೊಂಡಿದ್ದಾರೆ. ಕುಂದಾಪುರದ ಬಾಡಿಗೆದಾರರು ಒಂದು ಭಾನುವಾರ ಒಣಮೀನಿನ ಚಟ್ನಿ ಮಾಡಿದರೆಂದು ಅಪಾರ್ಟ್‌ಮೆಂಟ್ ಸಂಘಕ್ಕೆ ಇಮೇಲ್ ಬರೆದವರೂ ಇವರೇ. ಮೀನು ಎರಡು ಕಡೆಯೂ ಒಣಗಿದ್ದೇ. ವಾಸನೆ ಹೆರಿಟೇಜ್ ಆಗಬೇಕಾದರೆ ಷೆಂಗೆನ್ ವೀಸಾ ಬೇಕು, ಅಷ್ಟೆ.

ಯಾವಾಗ ಹೋಗುವುದು ಎಂಬ ಪ್ರಶ್ನೆ ಬಂದಾಗ ನಿಜವಾದ ಮಜಾ ಶುರುವಾಗುತ್ತದೆ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಉನ್‌ಸ್ಟಾಡ್‌ನಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಇಪ್ಪತ್ತನಾಲ್ಕು ಗಂಟೆಯೂ ಬೆಳಕು, ಅಲೆ ಮಾತ್ರ ಬಹುಪಾಲು ಸಪ್ಪೆ. ಡಿಸೆಂಬರ್ ಎರಡನೇ ವಾರದಿಂದ ಜನವರಿ ಮೊದಲ ವಾರದವರೆಗೆ ಅಲೆ ಭರ್ಜರಿ. ಸೂರ್ಯ ಮಾತ್ರ ದಿಗಂತದ ಮೇಲೆ ಮುಖ ತೋರಿಸುವುದಿಲ್ಲ. ಹಗಲೆಂದರೆ ಮಧ್ಯಾಹ್ನದ ಹೊತ್ತಿಗೆ ಒಂದಿಷ್ಟು ನೀಲಿ ಮಬ್ಬು. ಹಾಗಾದರೆ ಬುದ್ಧಿವಂತರು ಯಾವಾಗ ಹೋಗುತ್ತಾರೆ? ಅದಕ್ಕೂ ಉತ್ತರವಿದೆ. ಬೇಸಿಗೆಯ ಬಿಸಿಲುಂಡ ಸಮುದ್ರ ಸೆಪ್ಟೆಂಬರ್‌ನಲ್ಲಿ ಇನ್ನೂ 11-12 ಡಿಗ್ರಿಯಷ್ಟಿರುತ್ತದೆ, ಶರತ್ಕಾಲದ ಬಿರುಗಾಳಿಗಳು ಅಲೆ ಕಳಿಸಲು ಆರಂಭಿಸಿರುತ್ತವೆ, ಹಗಲು ರಾತ್ರಿ ಸರಿಸಮವಾಗಿರುತ್ತವೆ, ಅದೃಷ್ಟವಿದ್ದರೆ ರಾತ್ರಿ ಆಕಾಶದಲ್ಲಿ ಧ್ರುವಪ್ರಭೆಯೂ ಕಾಣುತ್ತದೆ. ಸ್ಥಳೀಯರು ತಮ್ಮ ‘ಲೋಫೋಟೆನ್ ಮಾಸ್ಟರ್ಸ್’ ಸರ್ಫಿಂಗ್ ಸ್ಪರ್ಧೆಯನ್ನು ಶರತ್ಕಾಲದಲ್ಲೇ ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ.

ಇದಿಷ್ಟನ್ನೂ ಗುಂಪಿನಲ್ಲಿ ಒಬ್ಬ ಪುಣ್ಯಾತ್ಮ ವಿವರಿಸಿದ. ಐದು ನಿಮಿಷ ಮೌನ. ಆಮೇಲೆ ಒಂದು ಮೆಸೇಜು: ‘ಸೆಪ್ಟೆಂಬರ್‌ನಲ್ಲಿ ಸ್ನೋ ಇರುತ್ತಾ?’

ಇರುವುದಿಲ್ಲ. ಬೆಟ್ಟ ಹಸಿರಾಗಿಯೋ ಕಂದಾಗಿಯೋ ಇರುತ್ತದೆ. ಅಂದಮೇಲೆ ಆ ಫೋಟೋಗೂ ಮಡಿಕೇರಿಯ ಫೋಟೋಗೂ ಏನು ವ್ಯತ್ಯಾಸ? ಸರ್ವಾನುಮತದಿಂದ ಮಾರ್ಚ್ ಗೊತ್ತಾಯಿತು. ಸಮುದ್ರ ವರ್ಷದಲ್ಲೇ ಅತ್ಯಂತ ತಣ್ಣಗಿರುವ ತಿಂಗಳು ಅದು. ಆದರೆ ಬಿಳಿ ಬೆಟ್ಟದ ಮುಂದೆ ಕರಿಯ ಸೂಟು ತೊಟ್ಟು, ಹಲಗೆಯನ್ನು ಕಂಕುಳಲ್ಲಿಟ್ಟು, ದೂರಕ್ಕೆ ದೃಷ್ಟಿ ನೆಟ್ಟು ನಿಲ್ಲಬಹುದು. ಹಾಗೆ ನಿಲ್ಲುವುದಕ್ಕೆ ಅಲೆಯೇ ಬೇಕಾಗಿಲ್ಲ ಎಂಬುದು ಇನ್ನೊಂದು ಅನುಕೂಲ.

ಈ ಚಿತ್ರದ ಹುಚ್ಚು ಹಿಡಿಸಿದವರು ಇವರಲ್ಲ ಬಿಡಿ. ಅಮೆರಿಕದ ಛಾಯಾಗ್ರಾಹಕ ಕ್ರಿಸ್ ಬುರ್ಕಾರ್ಡ್ ನಾರ್ವೆ, ಐಸ್‌ಲ್ಯಾಂಡ್‌ಗಳ ಚಳಿಯಲ್ಲಿ ನಿಂತು ತೆಗೆದ ಸರ್ಫಿಂಗ್ ಚಿತ್ರಗಳು ಲೋಕವನ್ನೆಲ್ಲ ಸುತ್ತಿದವು. ಹಿಮನೀರಿನ ಸರ್ಫಿಂಗ್ ಸುಖದ ಬಗ್ಗೆ 2015ರಲ್ಲಿ ಆತ ಟೆಡ್ ವೇದಿಕೆಯಲ್ಲಿ ಭಾಷಣವನ್ನೂ ಮಾಡಿದ. ಅದಕ್ಕೂ ಮೊದಲು, 2012ರಲ್ಲಿ, ‘ನಾರ್ತ್ ಆಫ್ ದ ಸನ್’ ಎಂಬ ಸಾಕ್ಷ್ಯಚಿತ್ರ ಬಂದಿತ್ತು. ಇಂಗೆ ವೆಗ್ಗೆ, ಯೋರ್ನ್ ರಾನುಮ್ ಎಂಬ ಇಬ್ಬರು ನಾರ್ವೆಯ ತರುಣರು ಜನವಸತಿಯಿಲ್ಲದ ಕಡಲತೀರವೊಂದರಲ್ಲಿ, ತೇಲಿಬಂದ ಮರ ಮತ್ತು ಕಸದಿಂದಲೇ ಗುಡಿಸಲು ಕಟ್ಟಿಕೊಂಡು, ಒಂಬತ್ತು ತಿಂಗಳು ಬದುಕಿ, ಸರ್ಫಿಂಗ್ ಮಾಡಿದ ಕಥೆ. ಆ ಅವಧಿಯಲ್ಲಿ ಅವರು ದಡದಿಂದ ಆಯ್ದು ಗುಡ್ಡೆ ಹಾಕಿದ ಕಸ ಮೂರು ಟನ್. ಸಿನಿಮಾವನ್ನು ನಮ್ಮ ಗುಂಪಿನ ಎಲ್ಲರೂ ನೋಡಿದ್ದಾರೆ. ಕಸದ ಭಾಗ ಬಂದಾಗ ಫಾಸ್ಟ್ ಫಾರ್ವರ್ಡ್ ಮಾಡಿದ್ದಾರೆ.

ತಿಂಗಳು ಗೊತ್ತಾದ ಮೇಲೆ ರಜೆ. ಇಲ್ಲಿ ಒಂದು ಸಣ್ಣ ತಾಂತ್ರಿಕ ತೊಡಕಿದೆ. ಕಂಪನಿಯಲ್ಲಿ ಎರಡು ವಾರದ ರಜೆ ಬೇಕಾದರೆ ಮೂರು ತಿಂಗಳು ಮುಂಚೆ ಹೇಳಬೇಕು. ಬಿರುಗಾಳಿ ಮಾತ್ರ ತನ್ನ ಆಗಮನವನ್ನು ಐದಾರು ದಿನ ಮುಂಚೆಯಷ್ಟೇ ತಿಳಿಸುತ್ತದೆ. ನಾರ್ವೆಯ ಹವಾಮಾನ ಸಂಸ್ಥೆಯ ‘ಯೂರ್’ (Yr) ಎಂಬ ಸೇವೆ ಜಗತ್ತಿಗೆಲ್ಲ ಪುಕ್ಕಟೆ ಸಿಗುತ್ತದೆ, ಒಳ್ಳೆಯ ಹೆಸರೂ ಇದೆ. ಆದರೆ ಹತ್ತು ದಿನದ ಆಚೆ ಅದರ ಕಣ್ಣೂ ಮಂಜು. ಅಲೆ ಬಂದಾಗ ಕೆಲಸ ಬಿಟ್ಟು ಓಡುವವನಿಗೆ, ಅಂದರೆ ಅಲ್ಲೇ ಇರುವವನಿಗೆ, ಈ ಆಟ ಒಲಿಯುತ್ತದೆ. ಎಚ್.ಆರ್. ಒಪ್ಪಿಗೆ ಕೊಟ್ಟ ವಾರದಲ್ಲೇ ಐಸ್‌ಲ್ಯಾಂಡ್ ಬಳಿ ವಾಯುಭಾರ ಕುಸಿಯಬೇಕೆಂದು ಕೋರುವ ಅರ್ಜಿಗೆ ಇನ್ನೂ ಪೋರ್ಟಲ್ ಆಗಿಲ್ಲ.

ಹಾಗೆಂದು ನಮ್ಮವರು ಕೈಕಟ್ಟಿ ಕೂತಿಲ್ಲ. ಅಲೆಯ ಎತ್ತರದ ಜೊತೆಗೆ ‘ಪೀರಿಯಡ್’ ಎಂಬ ಇನ್ನೊಂದು ಅಂಕಿ ಇರುತ್ತದೆ, ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸೆಕೆಂಡುಗಳು. ಅದು ಹೆಚ್ಚಿದ್ದಷ್ಟೂ ಅಲೆ ದೂರದಿಂದ ಬಂದದ್ದು, ಅದರಲ್ಲಿ ಕಸುವು ಜಾಸ್ತಿ. ಇದು ತಿಳಿದಂದಿನಿಂದ ಗುಂಪಿನಲ್ಲಿ ಸೆನ್ಸೆಕ್ಸ್ ಚರ್ಚೆ ನಿಂತುಹೋಗಿದೆ. ‘ಇವತ್ತು ಉನ್‌ಸ್ಟಾಡ್‌ನಲ್ಲಿ ಹದಿನಾಲ್ಕು ಸೆಕೆಂಡು, ಆಫ್‌ಶೋರ್ ಗಾಳಿ, ಛೇ, ಮಿಸ್ ಆಯ್ತು’ ಎಂದು ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತ ಕ್ಯಾಬಿನೊಳಗಿಂದ ಮೆಸೇಜು ಬರುತ್ತದೆ. ಹಲಗೆಯ ಮೇಲೆ ಇನ್ನೂ ಒಮ್ಮೆಯೂ ಮಲಗದವರು ಅಲೆ ತಪ್ಪಿಹೋದದ್ದಕ್ಕೆ ಮರುಗುತ್ತಿದ್ದಾರೆ.

ಬೆಂಗಳೂರಿನಿಂದ ಓಸ್ಲೋಗೆ ನೇರ ವಿಮಾನವಿಲ್ಲ. ಎಲ್ಲೋ ಇಳಿದು, ಓಸ್ಲೋ ಸೇರಿ, ಅಲ್ಲಿಂದ ಬೋಡೊ, ಬೋಡೊದಿಂದ ಲೆಕ್ನೆಸ್‌ಗೆ ಪುಟ್ಟ ಪ್ರೊಪೆಲ್ಲರ್ ವಿಮಾನ. ಅಲೆ ಎಬ್ಬಿಸುವ ಬಿರುಗಾಳಿಯೇ ಆ ವಿಮಾನವನ್ನು ರದ್ದು ಮಾಡಿಸುತ್ತದೆ ಎಂಬುದನ್ನು ಶೀಟಿನಲ್ಲಿ ಯಾರೂ ಬರೆದಿಲ್ಲ. ಅಂದರೆ ವಿಮಾನ ಸರಿಯಾಗಿ ಇಳಿದ ದಿನ ಅಲೆ ಇರುವುದಿಲ್ಲ, ಅಲೆ ಚೆನ್ನಾಗಿದ್ದ ದಿನ ನೀವು ಬೋಡೊದ ನಿಲ್ದಾಣದಲ್ಲಿ ಕೂತು ಅವಲಕ್ಕಿ ತಿನ್ನುತ್ತಿರುತ್ತೀರಿ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಬಹುದು. ತುಪ್ಪ ಮಾತ್ರ ಬೇಡ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ನಿಷೇಧವಿದೆ. ಕ್ರೋನನ್ನು ರೂಪಾಯಿಗೆ ಗುಣಿಸಿಕೊಂಡು ಅಲ್ಲಿನ ಹೋಟೆಲ್ ಮೆನು ಓದಿದವರಿಗೆ ಬರೀ ಅವಲಕ್ಕಿಯೂ ಮೃಷ್ಟಾನ್ನವೇ.

ವೀಸಾ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಚೀಟಿ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ, ಎಂದೂ ನಿಮ್ಮನ್ನು ಹೊಗಳದ ಬಾಸ್‌ನಿಂದ ಹೊಗಳಿಕೆಯ ಪತ್ರ. ‘ಪ್ರವಾಸದ ಉದ್ದೇಶ’ ಎಂಬಲ್ಲಿ ಸರ್ಫಿಂಗ್ ಎಂದು ಬರೆಯಲು ಹೊರಟರೆ ಏಜೆಂಟು ಕೈ ಹಿಡಿಯುತ್ತಾನೆ: ‘ಸೈಟ್ ಸೀಯಿಂಗ್ ಅಂತ ಹಾಕ್ಬಿಡಿ ಸರ್, ಇಲ್ದಿದ್ರೆ ಸುಮ್ನೆ ತಲೆನೋವು.’ ಮಾರ್ಚ್‌ನಲ್ಲಿ ನಮ್ಮವರು ಕಟ್ಟಕಡೆಗೆ ಮಾಡುವುದೂ ಅದನ್ನೇ. ವಿಮೆಯ ಸಣ್ಣಕ್ಷರಗಳನ್ನು ಮಾತ್ರ ದಯವಿಟ್ಟು ಓದಿ. ಎಷ್ಟೋ ಸಾಮಾನ್ಯ ಪಾಲಿಸಿಗಳು ಸಾಹಸ ಕ್ರೀಡೆಯಲ್ಲಿ ಆದ ಪೆಟ್ಟಿಗೆ ಕಾಸು ಬಿಚ್ಚುವುದಿಲ್ಲ. ಲಗೇಜು ಕಳೆದರೆ ಕೊಡುತ್ತವೆ, ನೀವು ಕಳೆದರೆ ಇಲ್ಲ.

ಇನ್ನು ಉಡುಪು. ವೆಟ್‌ಸೂಟ್ ಎಂಬ ಮಹಾವಸ್ತ್ರವನ್ನು ಯೋಚಿಸಿದವರು ಹ್ಯೂ ಬ್ರಾಡ್ನರ್, ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ದುಡಿದಿದ್ದ ಭೌತವಿಜ್ಞಾನಿ. 1950ರ ದಶಕದ ಆರಂಭದಲ್ಲಿ, ನೌಕಾಪಡೆಯ ಮುಳುಗುಗಾರರಿಗಾಗಿ ಅವರು ಕಂಡುಕೊಂಡ ಸತ್ಯ ಸರಳ: ಬೆಚ್ಚಗಿರಲು ಮೈ ಒಣಗಿರಲೇಬೇಕೆಂದಿಲ್ಲ, ಗಾಳಿಗುಳ್ಳೆ ತುಂಬಿದ ರಬ್ಬರು ಮೈಗಂಟಿಕೊಂಡಿದ್ದರೆ ಸಾಕು. ಬ್ರಾಡ್ನರ್ ಪೇಟೆಂಟ್ ಪಡೆಯಲಿಲ್ಲ. 1952ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸರ್ಫ್ ಅಂಗಡಿ ತೆರೆದ ಜಾಕ್ ಓ’ನೀಲ್ ಮುಂತಾದವರು ಅದನ್ನು ವ್ಯಾಪಾರವಾಗಿಸಿದರು. ವಿಜ್ಞಾನಿ ಬಿಟ್ಟುಕೊಟ್ಟ ಹಣವನ್ನು ಈಗ ನೀವು ಬಡ್ಡಿ ಸಮೇತ ಕಟ್ಟಬೇಕು. ಉನ್‌ಸ್ಟಾಡ್‌ನ ಚಳಿಗಾಲಕ್ಕೆ ಎದೆಯ ಮೇಲೆ ಆರು ಮಿಲಿಮೀಟರ್ ದಪ್ಪದ ಸೂಟು, ಅದಕ್ಕೇ ಹೊಲಿದ ಟೊಪ್ಪಿಗೆ, ಬೂಟು, ಕೈಗವಸು. ಇದರೊಳಗೆ ನುಗ್ಗುವುದೇ ಒಂದು ಕುಸ್ತಿ. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡರೆ ಜಾರುತ್ತದೆ ಎಂಬುದು ಹಳಬರ ಗುಟ್ಟು. ಕಳಚುವುದು ಇನ್ನೂ ಘೋರ: ಹಿಮಗಾಳಿ ಬೀಸುವ ಪಾರ್ಕಿಂಗ್ ಜಾಗದಲ್ಲಿ, ಮರಗಟ್ಟಿದ ಬೆರಳುಗಳಿಂದ, ಅಪರಿಚಿತರ ಮುಂದೆ. ಬೆಚ್ಚಗಾಗಲು ಸೂಟಿನೊಳಗೇ ಒಂದು ಪುರಾತನ, ಉಚಿತ ಉಪಾಯವಿದೆ. ತಣ್ಣೀರಿನಲ್ಲಿ ದೇಹಕ್ಕೆ ಅದರ ಒತ್ತಡವೂ ಹೆಚ್ಚು. ಎಲ್ಲ ಸರ್ಫರುಗಳೂ ಅದನ್ನು ಬಳಸುತ್ತಾರೆ, ಯಾರೂ ಫೋಟೋ ಹಾಕುವುದಿಲ್ಲ. ಇದೊಂದೇ ಈ ಪ್ರವಾಸದ ಅಪ್ಪಟ ಖಾಸಗಿ ಅನುಭವ.

ಕೆಟ್ಟ ಹವೆ ಎಂಬುದಿಲ್ಲ, ಕೆಟ್ಟ ಬಟ್ಟೆ ಮಾತ್ರ ಇದೆ ಎಂದು ನಾರ್ವೆಯವರ ಗಾದೆ. ಬಟ್ಟೆ ಅಂಗಡಿಯವರು ಇದಕ್ಕಿಂತ ಒಳ್ಳೆಯ ಜಾಹೀರಾತನ್ನು ದುಡ್ಡು ಕೊಟ್ಟು ಬರೆಸಲಾರರು.

ಬಟ್ಟೆಗೂ ಮಿತಿಯಿದೆ, ನಗೆಗೂ. ಸೂಟು ಸರಿಯಿಲ್ಲದೆ, ತಯಾರಿಯಿಲ್ಲದೆ ಐದು ಡಿಗ್ರಿ ನೀರಿಗೆ ಬಿದ್ದವನಿಗೆ ಮೊದಲ ನಿಮಿಷದಲ್ಲಿ ಉಸಿರು ತನ್ನ ಮಾತು ಕೇಳುವುದಿಲ್ಲ. ತಾನಾಗಿ ಏದುಸಿರು ಬರುತ್ತದೆ. ಆಗ ಮುಖ ನೀರಿನೊಳಗಿದ್ದರೆ ಒಳಗೆ ಹೋಗುವುದು ಗಾಳಿಯಲ್ಲ. ಹತ್ತು ನಿಮಿಷದಲ್ಲಿ ಬೆರಳು, ತೋಳುಗಳು ಕೈಕೊಡುತ್ತವೆ. ಮೈಶಾಖ ಇಳಿದು ಪ್ರಜ್ಞೆ ತಪ್ಪುವುದು ಆಮೇಲಿನ ಮಾತು. ಬಹಳಷ್ಟು ಜನ ಅಲ್ಲಿಯವರೆಗೆ ಉಳಿಯುವುದೇ ಇಲ್ಲ, ಮೊದಲೇ ಮುಳುಗುತ್ತಾರೆ. ಅಲೆಯಡಿ ತಲೆ ಹೋದಾಗಲೆಲ್ಲ ಹಣೆಯೊಳಗೆ ಸೂಜಿ ಚುಚ್ಚಿದಂಥ ನೋವು. ವರ್ಷಗಟ್ಟಲೆ ಈ ಗೀಳು ಹತ್ತಿಸಿಕೊಂಡವರ ಕಿವಿಯ ಕೊಳವೆಯಲ್ಲಿ ಮೂಳೆಯೇ ಬೆಳೆದು ದಾರಿ ಕಿರಿದಾಗುತ್ತದೆ. ಇವನ್ನೆಲ್ಲ ಬಲ್ಲವರು, ಒಪ್ಪಿಕೊಂಡವರು ಉನ್‌ಸ್ಟಾಡ್‌ನಲ್ಲಿ ಇಳಿಯುತ್ತಾರೆ, ಅವರಿಗೆ ನನ್ನ ನಮಸ್ಕಾರ. ನನ್ನ ತಕರಾರು ಶೀಟಿನ ‘ಈಜು ಬರುತ್ತದೆಯೇ?’ ಎಂಬ ಕಾಲಮ್ಮಿನಲ್ಲಿ ‘ಅಪಾರ್ಟ್‌ಮೆಂಟ್ ಪೂಲ್‌ನಲ್ಲಿ ಓಕೆ’ ಎಂದು ಬರೆದವರ ಬಗ್ಗೆ. ಆ ಪೂಲಿನ ಆಳ ನಾಲ್ಕೂವರೆ ಅಡಿ.

ನೀರಿನಲ್ಲಿ ಶಿಷ್ಟಾಚಾರವೂ ಒಂದಿದೆ. ಒಡೆಯುವ ತುದಿಗೆ ಹತ್ತಿರ ಇರುವವನದು ಅಲೆ. ಅವನು ಎದ್ದಮೇಲೆ ಇನ್ನೊಬ್ಬ ಅಡ್ಡ ನುಗ್ಗಬಾರದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪಳಗಿದವರು ಈ ನಿಯಮವನ್ನು ಎರಡು ಸಲ ಓದಿಕೊಳ್ಳುವುದು ಕ್ಷೇಮ.

ಅಲೆಯೇ ಬೇಕಿದ್ದರೆ ಇಷ್ಟು ದೂರ ಯಾಕೆ ಎಂದು ಕೇಳುವುದು ಅಸಭ್ಯತನ. ಆದರೂ ಕೇಳುತ್ತೇನೆ. ಮಂಗಳೂರಿನ ಹತ್ತಿರ ಮೂಲ್ಕಿಯಲ್ಲಿ, ಸರ್ಫಿಂಗ್ ಸ್ವಾಮಿ ಎಂದೇ ಹೆಸರಾದ ಅಮೆರಿಕ ಮೂಲದ ಜಾಕ್ ಹೆಬ್ನರ್ ಕಟ್ಟಿದ ಆಶ್ರಮ 2004ರಿಂದಲೇ ಸರ್ಫಿಂಗ್ ಕಲಿಸುತ್ತಾ ಬಂತು. ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲೇ ಇಂಡಿಯನ್ ಓಪನ್ ನಡೆಯಿತು. ಕರ್ನಾಟಕದ ಪರವಾಗಿ ಸ್ಪರ್ಧಿಸುವ ರಮೇಶ್ ಬೂದಿಹಾಳ್ 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು. ಇಲ್ಲೆಲ್ಲ ಸರ್ಫಿಂಗ್ ನಡೆಯುವುದು ರಬ್ಬರು ಸೂಟು ಬೇಡದ, 28 ಡಿಗ್ರಿ ಆಸುಪಾಸಿನ ನೀರಿನಲ್ಲಿ. ಈ ಮಾಹಿತಿಯನ್ನು ಗುಂಪಿನಲ್ಲಿ ಹಾಕಿದಾಗ ಬಂದ ಉತ್ತರ: ‘ಮೂಲ್ಕಿನಾ? ಅಲ್ಲಿ ನಮ್ಮತ್ತೆ ಮನೆ ಇದೆ ಮಾರಾಯ್ರೆ, ಅಲ್ಲಿಗ್ಯಾರು ಹೋಗ್ತಾರೆ?’ ಅತ್ತೆ ಮನೆಯಲ್ಲಿ ಊಟ ಪುಕ್ಕಟೆ, ಅಲೆ ಪುಕ್ಕಟೆ, ನೀರು ಬೆಚ್ಚಗೆ. ಕಷ್ಟಪಟ್ಟದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಈ ಮಾರುಕಟ್ಟೆಯಲ್ಲಿ ಬಿಕರಿಯಾಗುತ್ತಿರುವುದು ಅಲೆಯಲ್ಲ, ಆ ಸಾಕ್ಷಿ. ವಾರವಿಡೀ ಎ.ಸಿ.ಯಲ್ಲಿ ಕೂತವನಿಗೆ ತಾನು ಗಟ್ಟಿಗ ಎಂದು ಯಾರಾದರೂ ನಂಬಬೇಕು. ನಂಬಿಸಲು ಬಿಳಿ ಬೆಟ್ಟ ಬೇಕು, ಒಡೆದ ತುಟಿ ಬೇಕು, ಹುಬ್ಬಿನ ಮೇಲೆ ಮಂಜಿನ ಹರಳು ಬೇಕು. ಸಮುದ್ರದೊಳಗೆ ಏಳು ನಿಮಿಷ, ಸೌನಾದಲ್ಲಿ ಎರಡು ಗಂಟೆ, ಉನ್‌ಸ್ಟಾಡ್‌ನ ಹೆಸರುವಾಸಿ ದಾಲ್ಚಿನ್ನಿ ಬನ್ನಿನ ಮುಂದೆ ಮೂರು ಗಂಟೆ ಕಳೆದು ಬಂದವನು ಮುಂದಿನ ಹತ್ತು ವರ್ಷ ‘ಆರ್ಕ್ಟಿಕ್‌ನಲ್ಲಿ ಸರ್ಫ್ ಮಾಡಿದಾಗ’ ಎಂದೇ ವಾಕ್ಯ ಶುರುಮಾಡುತ್ತಾನೆ. ಹೀಗೆ ಲೆಕ್ಕ ಹಾಕಿದರೆ ಪ್ರವಾಸ ಅಗ್ಗವೇ.

ಇಷ್ಟು ಓದಿದ ಮೇಲೂ ಹೋಗಲೇಬೇಕು ಅನ್ನಿಸಿದರೆ ಸೆಪ್ಟೆಂಬರ್ ಕೊನೆಗೆ ಹೋಗಿ, ಹಿಮದ ಆಸೆ ಬಿಡಿ. ಬಂಡೆಗಳ ಮೇಲೆ ಒಡೆಯುವ ಅಲೆಯ ತಂಟೆಗೆ ಹೋಗದೆ ಕೊಲ್ಲಿಯ ನಡುವಿನ ಮರಳಿನ ಭಾಗದಲ್ಲಿ, ಅಲ್ಲಿನ ಶಿಕ್ಷಕರ ಜೊತೆಯಲ್ಲೇ ಇಳಿಯಿರಿ. ಹಲಗೆಯನ್ನು ನಾಲ್ಕು ವಿಮಾನ ಹತ್ತಿಸಿ ಇಳಿಸುವ ಕೆಲಸ ಬೇಡ. ಹಲಗೆ, ಸೂಟು, ಬೂಟು, ಗವಸು ಎಲ್ಲವೂ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಚೆನ್ನಾಗಿ ತೊಳೆದೇ ಇಟ್ಟಿರುತ್ತಾರೆ. ಈಜು ಮಾತ್ರ ಇಲ್ಲೇ ಕಲಿತು ಹೋಗಿ.